ಗಾಳಿರಾಯನ ಮೂರನೇ ನುಡಿ

ನಂಬದವರು ಈಗಲೇ ಎದ್ದು ಹೋಗಬಹುದು. ಕರೆಮಟ್ಟಿಯ ಯಮನಪ್ಪ ಹಾಡಿದರೆ ಹೊಳೆಯ ಆಚೆ ದಂಡೆಯಲ್ಲಿ ಮೇಯುವ ಎಮ್ಮೆ ಕೂಡ ತಲೆ ಎತ್ತುತ್ತದೆ. ಆ ಯಮನಪ್ಪ ನಾನೇ. ಸುಳ್ಳು ಅನ್ನುವವರು ಬರಲಿ, ಎಮ್ಮೆಯನ್ನೂ ತೋರಿಸುತ್ತೇನೆ.

ಇನ್ನೊಂದು ಹೇಳುತ್ತೇನೆ, ಅದನ್ನಂತೂ ನೀವು ನಂಬಲಾರಿರಿ. ಇಂಥ ನಾನು ಒಂದು ಹಾಡಿನಲ್ಲಿ ಸೋತೆ.

ನನ್ನ ಗುರು ಮರಿಬಸಯ್ಯ ಗವಾಯಿಗಳು. ಹೊಳೆದಂಡೆಯ ಆಶ್ರಮದಲ್ಲಿ ಇದ್ದರು. ಕ್ಯಾಸೆಟ್ಟಿನ ಕಾಲದಲ್ಲಿ ಅವರು ಹಾಡಿದ್ದ ‘ದಾರಿ ಬಿಡೋ ಗಾಳಿರಾಯ’ ಊರೂರಿಗೆ ಹಬ್ಬಿತ್ತು. ಕತ್ತಲಲ್ಲಿ ದೀಪ ಹಿಡಿದು ಹೊರಟ ಹೆಣ್ಣೊಬ್ಬಳು ಗಾಳಿಯ ಹತ್ತಿರ ದಾರಿ ಕೇಳುವ ಹಾಡು ಅದು.

ಚಹಾದಂಗಡಿಯಲ್ಲಿ ಅದೇ, ಟ್ರ್ಯಾಕ್ಟರಿನಲ್ಲಿ ಅದೇ. ಆಮೇಲೆ ಮದುವೆ ಬ್ಯಾಂಡಿನವರು ಅದನ್ನು ಕುಣಿಸಿದರು, ಭಜನೆಯವರು ಅಳಿಸಿದರು, ಡಿಜೆಯವರು ಒದ್ದರು. ಎಷ್ಟು ಬಾಯಿ ಇದ್ದವೋ ಅಷ್ಟು ಗಾಳಿರಾಯರು.

ಆದರೆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಎರಡೇ ನುಡಿ, ಅಂದರೆ ಎರಡೇ ಚರಣ. ಮೂರನೆಯದನ್ನು ಗವಾಯಿಗಳು ಯಾರಿಗೂ ಕಲಿಸಿರಲಿಲ್ಲ. ನಾನು ಅವರ ಕಾಲೊತ್ತಿದ್ದೆ, ನೀರು ಹೊತ್ತಿದ್ದೆ, ಆ ನುಡಿ ನನಗೇ ಎಂದು ಊರಿಗೆಲ್ಲ ಸಾರಿಯೂ ಇದ್ದೆ.

ಈಗ ಅವರ ಗಂಟಲು ಸೋಲುತ್ತಿತ್ತು. ಸುತ್ತಲಿನ ಹಾಡುಗಾರರಿಗೆಲ್ಲ ಹೇಳಿ ಕಳಿಸಿದರು. "ಗಾಳಿರಾಯನ್ನ ಯಾರು ಚಲೋ ಹಾಡ್ತಾರೋ ಅವರಿಗೆ ಮೂರನೇ ನುಡಿ ಕೊಡ್ತೀನಿ. ಒಬ್ಬರಿಗೆ ಅಷ್ಟ."

ನನಗೆ ಸಿಟ್ಟು ಬಂತು. "ಹೊರಗಿನವರನ್ನ ಯಾಕ ಕರೀತೀರಿ ಅಜ್ಜಾರ? ನಾ ಇಲ್ಲೇನು?"

"ಅದೀಯಲ್ಲ. ಮೊದಲ ನೀನ ಹಾಡು. ಆಮ್ಯಾಲ ಉಳಿದವರಿಗೆ ಪೇಟಿ ಹಿಡಿ."

ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಒಂದು ಕೈ ಹಿಂದಿನ ತಿದಿ ಒತ್ತಿ ಗಾಳಿ ತುಂಬಬೇಕು, ಇನ್ನೊಂದು ಸ್ವರ ಹಿಡಿಯಬೇಕು.

ನಾನು ಹಾಡಿದೆ. ‘ಗಾಳಿರಾಯಾ’ ಎನ್ನುವಲ್ಲಿ ಮೇಲಿನ ಷಡ್ಜ ಮುಟ್ಟಿ, ಅಲ್ಲೇ ಹಾಸಿಗೆ ಹಾಸಿಕೊಂಡು ಮಲಗಿದೆ. ಕೆಳಗಿಳಿದಾಗ ಕೂತವರೆಲ್ಲ ಚಪ್ಪಾಳೆ ತಟ್ಟಿದರು.

ಗವಾಯಿಗಳು ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು. ತಿರುಗಲಿಲ್ಲ.

ಮುಂದೆ ಟಿವಿ ಸ್ಪರ್ಧೆಯಲ್ಲಿ ಗೆದ್ದವನೊಬ್ಬ ಬಂದ. ಒಂದು ಅಕ್ಷರಕ್ಕೆ ಹತ್ತು ಸುತ್ತು ಹಾಕಿದ. ನನ್ನ ಕೈ ಆರಾಮಾಗಿ ತಿದಿ ಒತ್ತುತ್ತಿತ್ತು.

"ವಾಹ್, ಜಿಲೇಬಿ ಕರದಂಗಾತು!" ಎಂದು ಹೊಗಳಿದೆ. ಹೊಗಳುವುದಕ್ಕೆ ನನಗೆ ಕಷ್ಟವಿಲ್ಲ, ನಾನು ದೊಡ್ಡ ಮನಸ್ಸಿನವನು.

ಆಮೇಲೆ ಭಜನೆ ಮೇಳದ ಹಿರಿಯರು ಹಾಡಿದರು. ಗಾಳಿರಾಯನನ್ನು ದೇವರು ಮಾಡಿ ಆರತಿ ಎತ್ತಿಬಿಟ್ಟರು. ಅವರನ್ನೂ ಹೊಗಳಿದೆ. ತಿದಿ ತೊಟ್ಟಿಲು ತೂಗಿದ ಹಾಗೆ ಆಡಿತು.

ಕೊನೆಗೆ ಬಂದವಳು ಆರ್ಕೆಸ್ಟ್ರಾದ ಮೆಹಬೂಬಿ. ಮಿಂಚುವ ಸೀರೆ, ಬಾಯಲ್ಲಿ ಎಲೆಅಡಿಕೆ. ಎಲೆ ಉಗಿದು, ಬಾಯಿ ತೊಳೆದು ನನ್ನೆದುರು ಕೂತಳು.

"ಎಷ್ಟನೇ ಕಪ್ಪಿನಾಗ ಹಿಡೀಲಿ?" ಎಂದು ಪೇಟಿಯ ಕಪ್ಪು ಮನೆಗಳ ಮೇಲೆ ಬೆರಳಿಟ್ಟು ಶ್ರುತಿ ಕೇಳಿದೆ.

"ನೀ ಎಲ್ಲ್ಯಾದ್ರೂ ಹಿಡಿಯಪಾ, ನಾ ಬಂದು ಕೂಡ್ತೀನಿ."

ಸೊಕ್ಕು ನೋಡಿ! ಈ ಹೊಳೆದಂಡೆಯಲ್ಲಿ ಸೊಕ್ಕು ಮಾಡುವ ಹಕ್ಕು ನನ್ನೊಬ್ಬನದು.

ಅವಳು ಶುರು ಮಾಡಿದಳು. ನಾವೆಲ್ಲ ಮೇಲೆ ಹತ್ತಿದ ಜಾಗದಲ್ಲಿ ಅವಳು ಕೆಳಗಿಳಿದಳು. ‘ಗಾಳಿರಾಯಾ’ ಎಂದು ಪಿಸುಗುಟ್ಟಿದ ಹಾಗೆ ಅಂದಳು. ಕೈಯಲ್ಲಿ ದೀಪ ಹಿಡಿದವಳು, ತನ್ನ ಉಸಿರಿಗೇ ಅದು ಆರೀತು ಎಂದು ಹೆದರಿದ ಹಾಗೆ.

ನಾನು ಗಾಳಿಯನ್ನು ಬೈದಿದ್ದೆ. ಇವಳು ಬೇಡಿಕೊಳ್ಳುತ್ತಿದ್ದಳು.

ಹೊಟ್ಟೆಯಲ್ಲಿ ಕೊಳ್ಳಿ ಇಟ್ಟ ಹಾಗಾಯಿತು. ಈ ದನಿ ನನಗೆ ಯಾಕೆ ಹೊಳೆಯಲಿಲ್ಲ? ಅವಳಿಗೆ ಕೆಮ್ಮು ಬರಲಿ, ಹಾಡು ಮುರಿಯಲಿ, ಚಾವಣಿ ಬೀಳಲಿ ಅನ್ನಿಸಿತು.

ಪೇಟಿ ನಿಂತಿತು.

ಅವಳು ನಿಲ್ಲಲಿಲ್ಲ. ಸ್ವರದ ಆಸರೆ ಇಲ್ಲದೆಯೇ ಆ ನುಡಿ ಮುಗಿಸಿದಳು. ನಾನು ತಡಬಡಿಸಿ ಮತ್ತೆ ತಿದಿ ಒತ್ತಿದಾಗ, ಪೇಟಿಯ ಸ್ವರವೂ ಅವಳ ಸ್ವರವೂ ಕೂದಲೆಳೆಯಷ್ಟೂ ಬೇರೆ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಗವಾಯಿಗಳು ನನ್ನನ್ನು ಹತ್ತಿರ ಕರೆದರು.

"ಹೇಳು ಯಮನಪ್ಪ. ಯಾರದು ಚಲೋ ಆತು?"

"ನಂದು ಬಿಡ್ರಿ, ನಿಮಗ ಗೊತ್ತೈತಿ. ಆಮ್ಯಾಲ ಟಿವಿಯವಂದು. ಭಜನಿಯವರೂ ಭೇಷ್."

"ಆ ಹೆಣ್ಣುಮಗಳದು?"

"ಅದೇನು ಹಾಡೇನ್ರಿ? ಪಕ್ಕದ ಮನಿಯಾಕಿ ಜೊತಿ ಮಾತಾಡಿದಂಗಿತ್ತು. ಆರ್ಕೆಸ್ಟ್ರಾ ಮಂದಿಗೆ ಗಾಳಿರಾಯ ಏನು ಗೊತ್ತು?"

"ಮತ್ತ ಪೇಟಿ ಯಾಕ ನಿಂತತು?"

"ತಿದಿ ಹರದೈತ್ರಿ ಅಜ್ಜಾರ. ಗಾಳಿ ಸೋರತೈತಿ."

"ಇಲ್ಲಿ ತಾ."

ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ತಿದಿಯ ಮಡಿಕೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಒತ್ತಿ ಬಿಟ್ಟರು. ಪೇಟಿ ಒಂದೇ ಸಮ ಹಾಡಿತು.

"ಹರದಿಲ್ಲ."

ಪೇಟಿಯನ್ನು ನನ್ನ ಕಡೆ ಸರಿಸಿದರು.

"ನನ್ನ ಕಿವಿ ಮುಪ್ಪಾಗ್ಯಾವೋ ಹುಡುಗಾ. ಈಗೀಗ ಎಲ್ಲಾ ಹಾಡೂ ಒಂದ ಥರಾ ಕೇಳಸ್ತಾವ. ನಿನ್ನ ಹೊಟ್ಟಿಕಿಚ್ಚು ಮಾತ್ರ ಹರೇದಾಗ ಐತಿ. ಅದರ ಕೈಯಾಗ ಪೇಟಿ ಕೊಟ್ಟೆ. ಎಲ್ಲಿ ನಿಂತತು ಅಂತ ಅಷ್ಟ ಕೇಳಿದೆ."

ಮೆಹಬೂಬಿಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

ನಾನು ಬಾಗಿಲಿಗೆ ಕಿವಿ ಹಚ್ಚಿದೆ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ. ಹಚ್ಚಿದ್ದೆ. ಹೊಳೆಯ ಸದ್ದಿನಲ್ಲಿ ಒಂದು ಅಕ್ಷರವೂ ತಿಳಿಯಲಿಲ್ಲ. ನಡುವೆ ಯಾರೋ ಅತ್ತದ್ದು ಕೇಳಿತು, ಅವರೋ ಅವಳೋ ಗೊತ್ತಾಗಲಿಲ್ಲ.

ಬಾಗಿಲು ತೆರೆಯಿತು. ಮೆಹಬೂಬಿ ಚಪ್ಪಲಿ ಮೆಟ್ಟಿಕೊಂಡಳು.

"ಏನಪಾ ಪೇಟಿ ಮಾಸ್ತರ, ತಿದಿ ಹೊಲಿಸಿದ್ಯೋ ಇಲ್ಲೋ?"

ಅವಳು ನಕ್ಕು ಬಸ್ಸಿನ ದಾರಿ ಹಿಡಿದಳು.

ಒಳಗೆ ಹೋಗಿ ಗವಾಯಿಗಳ ಎದುರು ನಿಂತೆ. ಉರಿಯೆಲ್ಲ ನಾಲಿಗೆಗೆ ಬಂದಿತ್ತು.

"ಕಾಲೊತ್ತಿದವ ನಾನು. ನೀರು ಹೊತ್ತವ ನಾನು. ಎಲ್ಲಿಂದಲೋ ಬಂದಾಕಿಗೆ ಮೂರನೇ ನುಡಿ ಕೊಟ್ರಿ. ನನಗೂ ಹೇಳಿಕೊಡ್ರಿ. ಈಗ, ಇಲ್ಲೇ."

ಅವರು ಬಾಯಿ ತೆರೆದರು. ಮೊದಲ ಸ್ವರಕ್ಕೆ ಪ್ರಯತ್ನಿಸಿದರು. ಬರೀ ಉಸಿರು ಬಂತು. ಇದ್ದ ದನಿಯನ್ನೆಲ್ಲ ಅವಳಿಗೆ ಕಲಿಸುವುದರಲ್ಲೇ ಖರ್ಚು ಮಾಡಿದ್ದರು.

"ಮತ್ತ ನನಗೇನು ಕೊಟ್ರಿ ಅಜ್ಜಾರ?" ಎಂದೆ. ಈ ಸಲ ನನ್ನ ದನಿಯೂ ಒಡೆದಿತ್ತು.

ಗವಾಯಿಗಳು ನನ್ನ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದರು. ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು.

"ನಿನಗ ಗುರುನ ಕೊಟ್ಟೀನಿ. ಅಲ್ಲಿ ಹೊಂಟಾಳ ನೋಡು."