ಹಾಲಿನವಳು ತಂದ ಮಾತು

"ಬುದ್ಧಿ, ತಿಳಿಯದೆ ಆದ ತಪ್ಪಿಗೂ ಮನುಷ್ಯ ಹೊಣೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಕೇಳುವಾಗ ಅವನು ನೆಲ ನೋಡುತ್ತಿದ್ದ. ಗುರುಗಳು ಕಾರಣ ವಿಚಾರಿಸಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಒಂಟಿ ಮನುಷ್ಯ. ಅವನ ಅಂಗಡಿಯಲ್ಲಿ ಇಲಿಗಳು ಗಿರಾಕಿಗಳ ಬಟ್ಟೆ ಕಡಿಯುತ್ತಿದ್ದವು. ಅದೇ ಊರಿನ ಒಬ್ಬ ಮುದುಕಿ, ಜನ ಬಿಟ್ಟುಹೋದ ನಾಯಿ ಬೆಕ್ಕುಗಳನ್ನು ಮನೆಯಲ್ಲಿಟ್ಟುಕೊಂಡು, ಕೇಳಿದವರಿಗೆ ಕೊಡುತ್ತಿದ್ದಳು. ದರ್ಜಿ ಅಲ್ಲಿಗೆ ಹೋದ. ಒಂದು ಬೂದು ಬೆಕ್ಕು ತಾನಾಗಿಯೇ ಬಂದು ಅವನ ತೊಡೆಯ ಮೇಲೆ ಮಲಗಿತು. ಅವನು ಅದನ್ನೇ ಕೇಳಿದ.

ಅದಕ್ಕೆ ಮೂರ್ಛೆ ರೋಗವಿದೆ ಎಂದು ಮುದುಕಿ ಎಚ್ಚರಿಸಿದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮದ್ದು ನುಂಗಿಸಬೇಕು, ಅದು ಬದುಕಿರುವಷ್ಟು ದಿನವೂ. ಇಲಿ ಹಿಡಿಯಲಿಕ್ಕಾದರೆ ಗಟ್ಟಿಯಾದವು ಬೇರೆ ಇವೆ ಎಂದಳು. ಸುತ್ತ ನಾಲ್ಕು ಜನ ನಿಂತಿದ್ದರು. ದರ್ಜಿ, ಇದೇ ಇರಲಿ ಎಂದ. ಎಂಥ ಕರುಣೆ ಎಂದು ಅವರೆಲ್ಲ ಹೊಗಳಿದರು.

ಮದ್ದು ಕಹಿ. ಬೆಣ್ಣೆಯಲ್ಲಿ ಉಂಡೆ ಮಾಡಿ, ದವಡೆ ಬಿಡಿಸಿ, ನಾಲಿಗೆಯ ಬುಡಕ್ಕೆ ಇಡಬೇಕು. ಅವನ ಕೈತುಂಬ ಪರಚು ಗಾಯ. ತಂಗಿಯ ಮಗಳ ಮದುವೆಗೆ ಹೋದವನು ಸಂಜೆಯ ಮದ್ದಿಗೆಂದು ಊಟ ಬಿಟ್ಟು ಎದ್ದುಬಂದ. ತಂಗಿ ಆಮೇಲೆ ಅವನನ್ನು ಯಾವುದಕ್ಕೂ ಕರೆಯಲಿಲ್ಲ. ಹೊಗಳಿದ ಜನವೇ ಈಗ ಅಂಗಡಿಯ ಮುಂದೆ ನಿಂತು, "ಏನಪ್ಪಾ, ನಿಮ್ಮ ಮಾವನವರು ಮದ್ದು ತಗೊಂಡರಾ?" ಎಂದು ಕೇಳಿ ನಗುತ್ತಿದ್ದರು.

ಎಂಟು ತಿಂಗಳು ಹೀಗೆ ಕಳೆಯಿತು. ಅಷ್ಟರಲ್ಲಿ ಬೆಕ್ಕಿಗೆ ಒಮ್ಮೆಯೂ ಮೂರ್ಛೆ ಬರಲಿಲ್ಲ. ಅದು ಗುಣವಾಗಿದೆ ಎಂದು ಒಂದು ದಿನ ದರ್ಜಿಗೆ ಅನ್ನಿಸಿತು. ಹಾಲು ಹಾಕುವ ಹೆಂಗಸು ಮುದುಕಿಯ ಮನೆಗೂ ಹಾಲು ಕೊಡುತ್ತಿದ್ದಳು. ಬೆಕ್ಕು ಚೆನ್ನಾಗಿದೆ, ನನಗೆ ಕಷ್ಟವಾಗುತ್ತಿದೆ, ಇನ್ನೇನು ಮಾಡಲಿ ಎಂದು ಕೇಳಿ ಬಾ ಎಂದು ಅವಳಿಗೆ ಹೇಳಿದ.

ಮರುದಿನ ಅವಳು ಹಾಲು ಅಳೆಯುತ್ತ ಹೇಳಿದಳು: "ಅಜ್ಜಿ 'ಸಾಕು' ಅಂದರು, ಅಣ್ಣಾ."

ದರ್ಜಿ ಮತ್ತೇನೂ ಕೇಳಲಿಲ್ಲ. ಮದ್ದಿನ ಬಟ್ಟಲು ತೊಳೆದು ಬೋರಲು ಹಾಕಿದ. ಆ ಸಂಜೆ ಆರಾಮಾಗಿ ಕೂತು ಉಂಡ.

ನಾಲ್ಕನೆಯ ದಿನ ಮಧ್ಯಾಹ್ನ, ಬಟ್ಟೆ ಕತ್ತರಿಸುವ ಹಲಗೆಯ ಮೇಲಿದ್ದ ಬೆಕ್ಕು ಕೆಳಗೆ ಬಿತ್ತು. ಮೂರ್ಛೆ ನಿಲ್ಲಲಿಲ್ಲ, ಒಂದರ ಮೇಲೊಂದು ಬಂತು. ಅವನು ಉಂಡೆ ಮಾಡಿ ತರುವಷ್ಟರಲ್ಲಿ ದವಡೆ ಕಚ್ಚಿಕೊಂಡಿತ್ತು. ಉಂಡೆ ಅವನ ಬೆರಳಲ್ಲೇ ಕರಗಿತು. ಬೆಕ್ಕು ಸತ್ತಿತು.

ದರ್ಜಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಬೆಕ್ಕನ್ನು ಹೊಸ ಬಟ್ಟೆಯಲ್ಲಿ ಸುತ್ತಿ ತಂದು ಮುದುಕಿಯ ಮುಂದೆ ಇಟ್ಟ.

"ಸಾಕು ಅಂತ ಹೇಳಿ ಕಳಿಸಿದವರು ನೀವೇ ತಾನೇ?" ಎಂದ.

ಮುದುಕಿ ಬಟ್ಟೆ ಸರಿಸಿ ಬೆಕ್ಕಿನ ಮುಖ ನೋಡಿದಳು.

"ಹೌದು ಮಗಾ, ಸಾಕು ಅಂದೆ. ಬಿಡು ಅಂದೆನೇ?"

ಆಗ ದರ್ಜಿಗೆ ಆ ಮಾತು ಕೇಳಿಸಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಹಗುರವಾಗಿತ್ತು. ಇದರಲ್ಲಿ ದರ್ಜಿಯ ತಪ್ಪೇನು ಬಂತು ಎಂದು ಅವನು ಕೇಳಿದ. ಪದಕ್ಕೇ ಎರಡು ಅರ್ಥ. ಅದೂ ಬೇರೆಯವರ ಬಾಯಿಂದ ಬಂದದ್ದು. ಪಾಪ, ಅವನಿಗೆ ತಿಳಿಯುವ ದಾರಿಯಾದರೂ ಎಲ್ಲಿತ್ತು ಎಂದ.

"ಅವನು ಹೊಲಿಯಲು ಕೂರುತ್ತಿದ್ದ ಜಾಗದಿಂದ ಮುದುಕಿಯ ಬಾಗಿಲು ಕಾಣುತ್ತಿತ್ತು" ಎಂದರು ಗುರುಗಳು.