ಭರಮ ಚಂದ್ರನ ಫೋಟೋ ಹೊಡೆದದ್ದು

ಹೂಂ ಅನ್ನಬೇಕು ನೋಡಿ. ಹೂಂ ಅನ್ನದಿದ್ದರೆ ಕತೆಗೆ ನಿದ್ದೆ ಬರುತ್ತದೆ, ಆಮೇಲೆ ನನ್ನನ್ನು ಅನ್ನಬೇಡಿ.

ಮಣ್ಣಿನ ಮಾಳಿಗೆಗಳ ಒಂದು ಊರು. ಅಲ್ಲಿ ನೀಲವ್ವ, ನೀಲವ್ವನಿಗೆ ಒಬ್ಬನೇ ಮಗ ಭರಮ. ಆಳು ಬೆಳೆದಿದ್ದ, ಬುದ್ಧಿ ಮಾತ್ರ ತೊಟ್ಟಿಲಲ್ಲೇ ಉಳಿದಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತಾಪತ್ರಯ! "ನಾ ಸತ್ತ ಮ್ಯಾಲೆ ಇವನ್ನ ಯಾರು ನೋಡ್ತಾರೋ ಶಿವನ!" ಅಂತ ನೀಲವ್ವ ದಿನಾ ಅಳುತ್ತಿದ್ದಳು. ಕಡೆಗೆ ಫೋಟೋ ಅಂಗಡಿ ಇಟ್ಟಿದ್ದ ತಮ್ಮ ದಾನಪ್ಪನ ಮುಂದೆ ಸೆರಗೊಡ್ಡಿದಳು.

ದಾನಪ್ಪ ಒಂದು ಸಣ್ಣ ದುರ್ಬೀನು ತಂದ. ಹೊಸದಾಗಿ ಕಲಿಯುವವರ ಕೈಗೆ ಕೊಡುವಂಥ ಒಂದು ಕ್ಯಾಮೆರಾ ಅದರ ಹಿಂದೆ ಕೂರಿಸಿದ. "ಭರಮಾ, ಚಂದ್ರನ ಫೋಟೋ ತಾ. ಒಂದ ಸಲ ಒತ್ತು, ಒಂದ ಫೋಟೋ. ಛಲೋ ಬಂತಂದ್ರ ಅಂಗಡ್ಯಾಗ ಕೆಲಸ. ಫೋಟೋಕ್ಕ ಬೆಳಕು ಭಾಳ ಬೇಕು, ತಿಳೀತಿಲ್ಲೋ?"

"ತಿಳೀತು ಮಾವಾ."

ಅವತ್ತು ಹುಣ್ಣಿಮೆ. ಭರಮ ಮಾಳಿಗೆ ಹತ್ತಿದ, ಚಂದ್ರನಿಗೆ ದುರ್ಬೀನು ಹಿಡಿದ, ಕ್ಯಾಮೆರಾದ ಕಣ್ಣು ತೆರೆದ. ಬೆಳಕು ಭಾಳ ಬೇಕಲ್ಲ? ತೆರೆದೇ ಇಟ್ಟ. ಬೆಳದಿಂಗಳು ಮಾಳಿಗೆಯಿಂದ ಮಾಳಿಗೆಗೆ ಹರಿದು ಹೋಗುತ್ತಿತ್ತು. ಭರಮ ಬಾಯಿ ತೆರೆದು ಕೂತ, ಕ್ಯಾಮೆರಾ ಕಣ್ಣು ತೆರೆದು ಕೂತಿತು. ಫೋಟೋ ನೋಡಿದರೆ ಬರೀ ಬಿಳಿ!

"ಪೆದ್ದಾ! ಚಂದ್ರ ಅಂದ್ರ ಬೆಳಕಿನ ಗಡಿಗಿ, ಅವಗ ಇಷ್ಟ್ಯಾಕೋ? ರೆಪ್ಪಿ ಬಡಿಯೂದ್ರಾಗ ತೆರೆದು ಮುಚ್ಚು!"

"ಆಗಲಿ ಮಾವಾ."

ಮರುದಿನ ಸಂಜೆ ಚಂದ್ರ ಇನ್ನೂ ಎದ್ದಿರಲಿಲ್ಲ. ಕೃತ್ತಿಕೆಯ ಚುಕ್ಕಿಗಳು ಗುಂಪು ಕೂಡಿ ಏನೋ ಪಿಸುಗುಟ್ಟುತ್ತಿದ್ದವು. ಇವನ್ನೂ ಹಿಡಿಯೋಣ ಅಂತ ಭರಮ ರೆಪ್ಪೆ ಬಡಿಯುವುದರೊಳಗೆ ತೆರೆದು ಮುಚ್ಚಿದ. ಫೋಟೋ ಕಾಡಿಗೆ ಡಬ್ಬಿ!

"ಪೆದ್ದಾ! ಚುಕ್ಕಿ ಬಡವ್ರೋ, ಬೆಳಕು ಚೂರು ಚೂರು ಕೊಡ್ತಾವ. ತೆರೆದಿಟ್ಟು, ಕೈ ಹಚ್ಚದ, ಸುಮ್ಮ ಕುಂದರಬೇಕು!"

"ಆಗಲಿ ಮಾವಾ."

ಮಾರನೇ ದಿನ ಗಿರಣಿ ಫಕೀರಸಾಬ ಫೋಟೋ ಹೊಡೆಸಲು ಅಂಗಡಿಗೆ ಬಂದ. ದಾನಪ್ಪ ಚಹಾಕ್ಕೆ ಹೋಗಿದ್ದ. ಭರಮ ಕ್ಯಾಮೆರಾ ತೆರೆದಿಟ್ಟು ಕೈಕಟ್ಟಿ ಕೂತ. ಸಾಬ ಕೆಮ್ಮಿದ, ಮೀಸೆ ತಿರುವಿದ, ನೊಣ ಓಡಿಸಿದ. ಫೋಟೋದಲ್ಲಿ ಮುಖವೇ ಇಲ್ಲ, ಹೊಗೆಯೊಳಗೆ ತೇಲುವ ಮೀಸೆ, ಅದೂ ಒಂದಲ್ಲ!

"ಪೆದ್ದಾ! 'ಅಲುಗಾಡಬ್ಯಾಡ್ರಿ, ಸ್ವಲ್ಪ ನಗ್ರಿ' ಅಂತ ಹೇಳಬೇಕು. ನಕ್ಕ ಮ್ಯಾಲೆ ಒತ್ತಬೇಕು!"

"ಆಗಲಿ ಮಾವಾ."

ಅವತ್ತು ಮನೆಯ ಏಣಿ ಮುರಿದಿತ್ತು. ಪಕ್ಕದ ಈರವ್ವನ ಏಣಿ ಹೊತ್ತು ತಂದು ಭರಮ ಮಾಳಿಗೆ ಹತ್ತಿದ. "ಚಂದ್ರಪ್ಪಾ, ಅಲುಗಾಡಬ್ಯಾಡ್ರಿ. ಸ್ವಲ್ಪ ನಗ್ರಿ." ಚಂದ್ರ ನಗಲಿಲ್ಲ. ಮೆಲ್ಲಗೆ ದುರ್ಬೀನಿನಿಂದ ಜಾರಿದ. ಭರಮ ದುರ್ಬೀನು ತಿರುಗಿಸಿದ, ಚಂದ್ರ ಮತ್ತೆ ಜಾರಿದ. "ನಗ್ರೆಪ್ಪಾ, ನನ್ನ ಅವ್ವ ಅಳ್ತಾಳ!" ಗಾಳಿ ನಿಂತಿತ್ತು, ಊರು ಮಲಗಿತ್ತು, ಆಕಾಶದಲ್ಲಿ ಅವನೊಬ್ಬ, ಮಾಳಿಗೆ ಮೇಲೆ ಇವನೊಬ್ಬ. ಕೋಳಿ ಕೂಗುವ ತನಕ ಹೀಗೇ ನಡೆಯಿತು. ಒಣಹಾಕಿದ ಮೆಣಸಿನಕಾಯಿ ಬಳಿದು ತುಂಬಲು ತನ್ನ ಮಾಳಿಗೆ ಹತ್ತಿದ್ದ ಈರವ್ವ ಏಣಿಯಿಲ್ಲದೆ ಅಲ್ಲೇ ಬೆಳಗು ಮಾಡಿದಳು. ಕೂಗಿ ಕೂಗಿ ಅವಳ ಗಂಟಲು ಬಿದ್ದಿತ್ತು, ಭರಮನ ಕಿವಿ ಮಾತ್ರ ಚಂದ್ರನ ಕಡೆಗಿತ್ತು.

ಈ ಸಲ ನೀಲವ್ವನೇ ಬೈದಳು. "ಪೆದ್ದಾ! ಮಂದಿ ವಸ್ತು ತಂದ್ರ, ಅವ್ರು ಹುಡುಕೂದ್ರಾಗ ತಿರುಗಿ ಇಟ್ಟು ಬರಬೇಕು!"

"ಆಗಲಿ ಯವ್ವಾ."

ಮರುದಿನ ಸಂಕಷ್ಟಿ. ಮನೆಯ ಏಣಿ ರಿಪೇರಿಯಾಗಿತ್ತು. ಚಂದ್ರನ ಮುಖ ನೋಡುವ ತನಕ ನೀಲವ್ವನಿಗೆ ತುತ್ತಿಲ್ಲ, ಗುಟುಕು ನೀರಿಲ್ಲ. ಚಂದ್ರ ಎದ್ದ. ಅವ್ವ ಒಳಗೆ ಕಡುಬು ಇಳಿಸುತ್ತಿದ್ದಳು, ಚಂದ್ರ ನಗುವವನಲ್ಲ ಅಂತ ಗೊತ್ತಾಗಿದ್ದ ಭರಮ ಮೇಲೆ ರೆಪ್ಪೆ ಬಡಿಯುವುದರೊಳಗೆ ಒತ್ತಿದ. ಒಂದೇ ಸಲ. ಬಂತು ನೋಡಿ! ತುಸು ಸವೆದ ಅಂಚು, ಕುಳಿ ಕುಳಿ ಕೆನ್ನೆ, ಕೈಯಿಂದ ಸವರಬೇಕು ಅನ್ನುವಂಥ ಚಂದ್ರ! ಊಟಕ್ಕೆ ಬಂದಿದ್ದ ದಾನಪ್ಪ ನೋಡಿ ಕಣ್ಣರಳಿಸಿದ. "ಅಕ್ಕಾ, ನಾಳಿಂದ ಇವನ್ನ ಅಂಗಡಿಗೆ ಕಳಸು!"

ನೀಲವ್ವ ಸಂತೋಷಕ್ಕೆ ಅತ್ತುಬಿಟ್ಟಳು. ಅರ್ಘ್ಯದ ತಟ್ಟೆಯಲ್ಲಿ ಕಡುಬೂ ಇಟ್ಟುಕೊಂಡು ಮಾಳಿಗೆಗೆ ಬಂದಳು. ಅಷ್ಟರಲ್ಲಿ ಮೋಡ! ಚಂದ್ರ ಇಲ್ಲ! ಎಲ್ಲ ಮಾಳಿಗೆಗಳ ಮೇಲೂ ಜನ. "ಎಲ್ಲಿ ಹೋದ? ಈಗ ಇದ್ದನಲ್ಲ!" ಹಸಿದ ನೀಲವ್ವ ತಟ್ಟೆ ಹಿಡಿದೇ ಮೋಡದೊಳಗೆ ಹುಡುಕಿದಳು.

ಭರಮ ಆಕಾಶ ನೋಡಿದ, ಇಲ್ಲ. ಕ್ಯಾಮೆರಾ ನೋಡಿದ, ಇದ್ದಾನೆ! "ಅಯ್ಯಯ್ಯೋ, ಹುಡುಕಾಕತ್ತಾರ!"

ಗುಂಡಿ ಒತ್ತಿ ಫೋಟೋ ಅಳಿಸಿಬಿಟ್ಟ.

"ಏನ್ ಮಾಡಿದ್ಯೋ ಪೆದ್ದಾ!"

"ತಿರುಗಿ ಇಟ್ಟೆ, ಮಾವಾ."

ದಾನಪ್ಪ ತಲೆ ಮೇಲೆ ಕೈಹೊತ್ತು ಕೂತ. ಆಗ ಮೋಡದ ಅಂಚು ಬೆಳಗಿತು. ಚಂದ್ರ ಹೊರಗೆ ಬಂದ. ಊರಿಗೆ ಊರೇ ಕೈಮುಗಿಯಿತು. ನೀಲವ್ವ ಅರ್ಘ್ಯ ಬಿಟ್ಟು, ಬೈಯಲು ಮಗನ ಕಡೆ ತಿರುಗಿದಳು. ಬೈಯುವ ಬದಲು ಕಡುಬು ಮುರಿದು ಮೊದಲ ತುತ್ತು ಅವನ ಬಾಯಿಗಿಟ್ಟಳು.

"ನಾಳೆನೂ ಚಂದ್ರ ಏಳ್ತಾನ, ನಾಳೆ ಮತ್ತ ಹೊಡಿ," ಅಂತ ದಾನಪ್ಪ ಗೊಣಗಿದ. "ಆದ್ರ ಒತ್ತಿದ ಕೂಡ್ಲೆ ಕ್ಯಾಮೆರಾ ನನ್ನ ಕೈಗೆ ಕೊಡು!"

"ಆಗಲಿ ಮಾವಾ," ಅಂದ ಭರಮ. ಆಮೇಲೆ ಆಕಾಶ ನೋಡಿ, ಹೆದರಿ, ಅವ್ವನ ಕಿವಿಗೆ ಬಾಯಿ ತಂದ. "ಯವ್ವಾ, ಗಡಿಬಿಡ್ಯಾಗ ತಪ್ಪಿತು. ಮೊದಲಿದ್ದ ಜಾಗಾಕ್ಕಿಂತ ಸ್ವಲ್ಪ ಮ್ಯಾಲ ಇಟ್ಟೀನಿ. ಯಾರಿಗೂ ಹೇಳಬ್ಯಾಡ."

ನೀಲವ್ವ ಇವತ್ತಿಗೂ ಹೇಳಿಲ್ಲ. ನಾನೇ ಬಾಯಿಬಿಟ್ಟೆ. ಏಳಿ, ಮೇಲೊಂದು ಸಲ ನೋಡಿಕೊಂಡು ಮನೆಗೆ ಹೋಗಿ.