ಹುಲ್ಲಿನಲ್ಲಿ ಮಾಗದ ಹಣ್ಣು

ಮಕ್ಕಳೇ, ತಂಪಾದ ಗುಡ್ಡದ ಮೇಲೊಂದು ಕಾಡು. ಅಲ್ಲಿ ತೊರೆಯ ಪಕ್ಕದ ಇಳಿಜಾರಿನಲ್ಲಿ ತುಂಗಕ್ಕ ಎಂಬ ಮೊಲ ಸ್ಟ್ರಾಬೆರಿ ಬೆಳೆದಿದ್ದಳು. ಕಲ್ಲು ಆರಿಸಿದ್ದು ಅವಳು. ಗೊಬ್ಬರ ಹೊತ್ತದ್ದು ಅವಳು. ಗಿಡದ ಶಕ್ತಿಯೆಲ್ಲ ಬುಡದಿಂದ ಹಬ್ಬುವ ಬಳ್ಳಿಗೆ ಹೋಗಿ ಹಣ್ಣು ಸೊರಗಬಾರದೆಂದು ದಿನವೂ ಬಗ್ಗಿ ಬಳ್ಳಿಯ ಕುಡಿ ಚಿವುಟಿದ್ದೂ ಅವಳೇ.

ಪಕ್ಕದ ಮರದಲ್ಲಿ ಕೆಂಚರಾಯ ಎಂಬ ಮುಸುವ ಇದ್ದ. ಅವನ ಕೆಲಸ ಕೂರುವುದು. ಆದರೂ ಆ ಕಾಡಿನಲ್ಲೊಂದು ಪದ್ಧತಿ ಇತ್ತು: ಮೊದಲ ಕೊಯ್ಲು ಮರದ ಮೇಲಿರುವವರಿಗೆ. ಈ ಪದ್ಧತಿ ಮಾಡಿದವರು ಯಾರು? ಮರದ ಮೇಲಿರುವವರು. ಮತ್ತಿನ್ಯಾರು ಮಾಡುತ್ತಾರೆ?

ಆ ವರ್ಷ ಕಾಡಿಗೆಲ್ಲ ಹಿರಿಯಳಾದ ಆನೆಯಜ್ಜಿ ಹೇಳಿ ಕಳಿಸಿದಳು: "ಮೂರು ದಿನ ಬಿಟ್ಟು ಬರುತ್ತೇನೆ. ಹಣ್ಣು ತಿಂದು ನೋಡುತ್ತೇನೆ. ಸಿಹಿ ಹಣ್ಣು ಬೆಳೆದವರಿಗೇ ಆ ಇಳಿಜಾರು."

ಅಂದೇ ಕೆಂಚರಾಯ ಬುಟ್ಟಿ ಹಿಡಿದು ಮರ ಇಳಿದ.

"ಯಜಮಾನ್ರೇ, ಈಗ ಕೀಳಬೇಡಿ" ಎಂದಳು ತುಂಗಕ್ಕ. "ತೊಟ್ಟಿನ ಹತ್ತಿರ ಇನ್ನೂ ಬಿಳಿ ಇದೆ, ನೋಡಿ."

"ತುದಿ ಕೆಂಪಗಿದೆಯಲ್ಲ! ಉಳಿದದ್ದನ್ನು ಹುಲ್ಲಿನಲ್ಲಿಟ್ಟು ಮಾಗಿಸ್ತೀನಿ."

"ಇದು ಮಾವಿನಕಾಯಿ ಅಲ್ಲ. ಗಿಡ ಬಿಟ್ಟ ಮೇಲೆ ಬಣ್ಣ ಬಂದೀತು, ಸಿಹಿ ಬರೋದಿಲ್ಲ."

"ಏ ತುಂಗಿ, ಅಜ್ಜನ ಕಾಲದಿಂದ ಮಾವು ಹಣ್ಣಿಗೆ ಹಾಕಿದ ಮನೆತನ ನಮ್ಮದು. ನೆಲ ಕೆರೆಯುವವಳು ನನಗೆ ಪಾಠ ಹೇಳ್ತೀಯಾ?"

ಕಣ್ಣಿಗೆ ಕಂಡದ್ದನ್ನೆಲ್ಲ ಜಗ್ಗಿ ಕಿತ್ತ. ಎಲೆಯಡಿಯ ಹಣ್ಣು ಮಾತ್ರ ಉಳಿಯಿತು. ಅದಕ್ಕೆ ಬಗ್ಗಬೇಕಿತ್ತು. ಅವನು ಹುಟ್ಟಿದಾಗಿನಿಂದ ಬಗ್ಗಿದವನಲ್ಲ. ಕಿತ್ತದ್ದನ್ನು ಮರದ ಪೊಟರೆಯಲ್ಲಿ ರಾಶಿ ಹಾಕಿ, ಮೇಲೆ ಹುಲ್ಲು ಒತ್ತಿ, ನೆಮ್ಮದಿಯಾಗಿ ಮಲಗಿದ.

ತುಂಗಕ್ಕ ಅಳಲಿಲ್ಲ. ಎಲೆಯಡಿಯಲ್ಲಿ ಉಳಿದ ಆರು ಹಣ್ಣುಗಳನ್ನು ಕಾದಳು.

ಮೂರು ದಿನ ಕಳೆದ ಮೇಲೆ ಆನೆಯಜ್ಜಿ ಬಂದಳು.

"ಯಾರು ಬೆಳೆದದ್ದು?"

"ನಾನೇ, ಅಜ್ಜಿ!" ಎಂದು ಕೆಂಚರಾಯ ಬುಟ್ಟಿ ಮುಂದಿಟ್ಟ. ಹಣ್ಣೇನೋ ಕೆಂಪಗಿತ್ತು. ಅಜ್ಜಿ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, ಥೂ ಎಂದು ಉಗಿದಳು.

"ಹುಣಸೆಕಾಯಿ ವಾಸಿ! ಅಡಿಯದೆಲ್ಲ ಕೊಳೆತಿದೆ."

"ಅದು... ಬೆಳೆದದ್ದು ಇವಳು, ಅಜ್ಜಿ. ನಾನು ಕಿತ್ತೆ ಅಷ್ಟೆ."

"ಈಗ ತಾನೆ ನೀನೇ ಬೆಳೆದೆ ಅಂದೆಯಲ್ಲೋ! ಒಂದು ಹಣ್ಣು ಅಗಿಯೋದರೊಳಗೆ ಬೆಳೆದವರು ಬದಲಾದರಾ?"

ಮರದ ಮೇಲಿನ ಅಳಿಲುಗಳು ಕಿಸಕ್ಕೆಂದವು.

ತುಂಗಕ್ಕ ಗಿಡದ ಬಳಿ ಹೋದಳು. ಬಗ್ಗಿ ಎಲೆ ಸರಿಸಿದಳು. ಹಣ್ಣು ಎತ್ತಿ ತೊಟ್ಟಿನ ಕೆಳಗೆ ನೋಡಿದಳು. ಬಿಳಿಯ ಸುಳಿವಿಲ್ಲ, ತೊಟ್ಟಿನವರೆಗೂ ಕೆಂಪು. ಹಣ್ಣು ಹಿಸುಕದೆ ತೊಟ್ಟನ್ನು ಚಿವುಟಿ ಅಜ್ಜಿಯ ಸೊಂಡಿಲಿಗೆ ಕೊಟ್ಟಳು.

ಅಜ್ಜಿ ತಿಂದಳು. ಸುಮ್ಮನೆ ಸೊಂಡಿಲು ಚಾಚಿ ಇನ್ನೊಂದು ಕೇಳಿದಳು. ಆರನೆಯದನ್ನು ತಿಂದು ಮುಗಿಸಿ ಹೇಳಿದಳು: "ಇಳಿಜಾರು ತುಂಗಿಯದು. ಇನ್ನು ಮೊದಲ ಕೊಯ್ಲೂ ಅವಳದೇ. ಆ ಹಳೆಯ ಪದ್ಧತಿಯನ್ನು ಇವತ್ತೇ ತೊರೆಗೆ ಎಸೆಯಿರಿ."

"ಹಾಗಾದರೆ ನಾನು ಹೊತ್ತು ತಂದ ಹುಲ್ಲು?" ಎಂದ ಕೆಂಚರಾಯ, ಮುಖ ಸಣ್ಣದು ಮಾಡಿಕೊಂಡು.

"ಹುಲ್ಲು ಬೇಕು, ಯಜಮಾನ್ರೇ" ಎಂದಳು ತುಂಗಕ್ಕ. "ಹಣ್ಣಿನ ಮೇಲಲ್ಲ, ಕೆಳಗೆ. ಮಣ್ಣು ತಾಗಿದರೆ ಹಣ್ಣು ಕೊಳೆಯುತ್ತೆ. ಒಂದೊಂದು ಗಿಡದ ಬುಡಕ್ಕೂ ಹಾಸಬೇಕು. ಬಗ್ಗಿ."

ಅವನು ಬಗ್ಗಿದ.

ನೀತಿ: ಬೆಳೆದವರ ಮಾತು ಕೇಳದೆ ಕಿತ್ತುಕೊಂಡವನಿಗೆ ಹಣ್ಣಿನ ಬಣ್ಣ ಸಿಕ್ಕೀತು, ಸಿಹಿ ಸಿಗದು; ಸಿಹಿ ಬೇಕಾದವನು ಮೊದಲು ಬಗ್ಗಿ ದುಡಿಯಲಿ.